ಮೊದಲ ಕವರಿನಲ್ಲಿ ಇಲ್ಲದ ಹೆಸರು

ಟೆಂಡರಿಗೆ ಎರಡು ಕವರು. ಈಗ ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುವುದರಿಂದ ಕಾಗದದ ಕವರನ್ನು ಯಾರೂ ಕಣ್ಣಿನಿಂದ ನೋಡುವುದಿಲ್ಲ, ಆದರೂ ಮಾತಿನಲ್ಲಿ ಕವರೆಂದೇ ಉಳಿದಿದೆ. ಮೊದಲನೆಯದರಲ್ಲಿ ನಾವು ಯಾರು, ನಮ್ಮಲ್ಲಿ ಕೆಲಸ ಬಲ್ಲವರು ಯಾರಿದ್ದಾರೆ, ಇಲ್ಲಿಯವರೆಗೆ ಏನು ಮಾಡಿದ್ದೇವೆ ಎಂಬ ವಿವರ. ಎರಡನೆಯದರಲ್ಲಿ ದರ. ಎರಡಕ್ಕೂ ಅಂಕವುಂಟು, ಕೂಡಿಸಿ ಹೆಚ್ಚು ಬಂದವರಿಗೆ ಗುತ್ತಿಗೆ. ನಾನು ತುಂಬಿದ ಮೊದಲ ಕವರಿನಲ್ಲಿ ಚಾಚಾನ ಹೆಸರಿರಲಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಬಿಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ನಿಯಮ, ತಿದ್ದುಪಡಿ, ಅಂಕ ಎಂದೆಲ್ಲ ಬರೆಯುತ್ತ ಹೋದರೆ ನನ್ನ ಕೈ ತಾನಾಗಿಯೇ ನನ್ನ ಕಡೆ ವಾಲುತ್ತದೆ. ಹದಿನಾರು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ತನ್ನ ತಪ್ಪಿಗೆ ತಾನೇ ಗ್ರೇಸ್ ಅಂಕ ಕೊಟ್ಟುಕೊಳ್ಳುವುದು ಕಷ್ಟವೇನಲ್ಲ.

ಬೆಳಗಾವಿಯ ಟಿಳಕವಾಡಿಯ ಒಂದು ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಪ್ರಯೋಗಾಲಯದ ತಕ್ಕಡಿ, ಥರ್ಮಾಮೀಟರುಗಳು ಕೆಟ್ಟು ಕಪಾಟು ಸೇರಿದರೂ ರಿಪೇರಿ ಮಾಡಿಸದ ಆಡಳಿತ ಮಂಡಳಿಯ ಜೊತೆ ಜಗಳವಾಡಿ ಕೆಲಸ ಬಿಟ್ಟೆ. ಸಿಟ್ಟು ಆಗಲೂ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಿಟ್ಟ ಮೇಲೆ ಅದೇ ಸಾಮಾನುಗಳನ್ನು ರಿಪೇರಿ ಮಾಡುವ ಉದ್ಯೋಗಕ್ಕೆ ಇಳಿದು, ಆಟೋ ನಗರದಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದೆ. ಪಕ್ಕದ ಗ್ಯಾರೇಜಿನಲ್ಲಿ ಲಾರಿ, ಬಸ್ಸುಗಳ ಮೀಟರು ಬಿಚ್ಚಿ ಕೂರಿಸುವವರೊಬ್ಬರಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದಳು. ಹಾಗಾಗಿ ನಾನು ಅವರಿಗೆ ಮೊದಲ ದಿನದಿಂದ ಅಕ್ಕೋರು, ಅಂದರೆ ಟೀಚರು. ನಾನು ಬಿಚ್ಚಿ ಸೋತ ಒಂದು ಗಾಳಿಮಾಪಕವನ್ನು ಅವರು ಬಂದು ನೋಡಿ, ಹಲ್ಲುಜ್ಜುವ ಹಳೆಯ ಬ್ರಶ್ಶು ಕೇಳಿ, ಅರ್ಧ ಗಂಟೆಯಲ್ಲಿ ತಿರುಗಿಸಿ ಕೊಟ್ಟರು. ಮುಂದಿನ ತಿಂಗಳು ಗ್ಯಾರೇಜು ಬಿಟ್ಟು ನನ್ನ ಶೆಡ್ಡಿಗೆ ಬಂದರು.

ಖಾನಾಪುರ ತಾಲೂಕಿನಲ್ಲಿ ಸರ್ಕಾರದ ಹವಾಮಾನ ಮಾಪನ ಕೇಂದ್ರಗಳು ಅಲ್ಲಲ್ಲಿ ನಿಂತಿವೆ. ಕೇಂದ್ರವೆಂದರೆ ಕಟ್ಟಡವಲ್ಲ. ಒಂದು ಕಂಬ, ಮಳೆ ಅಳೆಯುವ ಡಬ್ಬಿ, ಗಾಳಿಗೆ ತಿರುಗುವ ಬಟ್ಟಲು, ಬಿಸಿಲಿನ ಫಲಕ, ಮಾಹಿತಿ ಕೂಡಿಟ್ಟು ಕಳಿಸುವ ಒಂದು ಪೆಟ್ಟಿಗೆ, ಸುತ್ತ ತಂತಿ ಬೇಲಿ. ಅವುಗಳನ್ನು ನೋಡಿಕೊಳ್ಳುವ ಗುತ್ತಿಗೆ ಬೇರೆ ಊರಿನ ದೊಡ್ಡ ಕಂಪನಿಯೊಂದರ ಹೆಸರಿನಲ್ಲಿತ್ತು. ಅವರು ಅದನ್ನು ನಮಗೆ ಒಳಗುತ್ತಿಗೆ ಕೊಟ್ಟಿದ್ದರು. ಹೆಸರು ಅವರದು, ಬೆಟ್ಟ ಹತ್ತುವುದು ನಮ್ಮದು. ಬೆಟ್ಟ ಹತ್ತುವುದು ಎಂದರೆ ಖರೇ ಹೇಳಬೇಕೆಂದರೆ ಚಾಚಾನದು. ನಾನು ಹೆಚ್ಚಾಗಿ ಜೀಪಿನಲ್ಲಿ ಕೂತು ವರದಿ ಬರೆಯುತ್ತಿದ್ದೆ.

ಮಳೆಯ ಡಬ್ಬಿಯ ಒಳಗೆ ಎರಡು ಪುಟ್ಟ ಬಟ್ಟಲುಗಳು ತಕ್ಕಡಿಯ ಹಾಗೆ ಕೂತಿರುತ್ತವೆ. ಒಂದು ತುಂಬಿದರೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ವಾಲಿದಾಗೊಮ್ಮೆ ಟಿಕ್ ಎಂಬ ಸಪ್ಪಳ. ಎಷ್ಟು ಟಿಕ್ಕು, ಅಷ್ಟು ಮಳೆ. ಅದು ಸರಿ ಇದೆಯೋ ಇಲ್ಲವೋ ನೋಡಲು ಅಳತೆಯ ನೀರನ್ನು ತೊಟ್ಟುತೊಟ್ಟಾಗಿ ಬಿಟ್ಟು ಸಪ್ಪಳ ಎಣಿಸಬೇಕು. ಇದಕ್ಕೆ ಯಂತ್ರವೂ ಇದೆ, ಆದರೆ ಚಾಚಾ ಕಿವಿಯಿಂದ ಕೇಳಿ, ತಮ್ಮ ಜಪಮಾಲೆ ತಸ್ಬಿಯ ಮಣಿ ಸರಿಸಿ ಎಣಿಸುತ್ತಿದ್ದರು. ಎಣಿಸುವಾಗ ಯಾರೂ ಮಾತಾಡುವಂತಿರಲಿಲ್ಲ. ನಾನು ಒಮ್ಮೆ ಫೋನಿನಲ್ಲಿ ಗದ್ದಲ ಮಾಡಿದ್ದಕ್ಕೆ ಇದ್ದ ನೀರೆಲ್ಲ ಚೆಲ್ಲಿ, ಮತ್ತೆ ಮೊದಲಿನಿಂದ ಶುರು ಮಾಡಿದ್ದರು.

ಜಾಂಬೋಟಿಯ ಆಚೆ ಒಂದು ಮರಾಠಿ ಶಾಲೆಯ ಅಂಗಳದಲ್ಲಿರುವ ಕೇಂದ್ರ ಒಂದು ವರ್ಷ ಮಳೆ ಕಡಿಮೆ ತೋರಿಸತೊಡಗಿತು. ದೊಡ್ಡ ಕಂಪನಿಯವರು ಹೊಸ ಡಬ್ಬಿಯನ್ನೇ ಕಳಿಸಿದರು. ಚಾಚಾ ಅದನ್ನು ಬಿಚ್ಚಲೂ ಇಲ್ಲ. ಬೇಲಿಯ ಪಕ್ಕ ನಿಂತು ಬಹಳ ಹೊತ್ತು ಮೇಲೆ ನೋಡಿದರು.

“ಡಬ್ಬಿ ಸುಳ್ಳ ಹೇಳಾಕತ್ತಿಲ್ರಿ ಅಕ್ಕೋರ,” ಎಂದರು. “ಮತ್ತಿ ಮರದ ಟೊಂಗಿ ಬೆಳೆದೈತಿ. ಪಶ್ಚಿಮದ ಗಾಳಿ ಬಂದ್ರ ಮಳಿ ಅದರ ಮ್ಯಾಲೆ ಬೀಳತೈತಿ, ಇದಕ್ಕ ಸಿಗಂಗಿಲ್ಲ.”

ಕಾಡಿನ ಅಂಚಿನ ಮರ, ಟೊಂಗೆ ಕಡಿಯಲು ಅನುಮತಿ ಬೇಕು. ಅದು ಬರುವಷ್ಟರಲ್ಲಿ ಮಳೆಗಾಲ ಮುಗಿಯಿತು. ಅಷ್ಟು ದಿನವೂ ಚಾಚಾ ತಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ಭೇಟಿಗೂ ಒಂದೇ ಸಾಲು ಬರೆದರು: ಈ ಅಂಕಿಯನ್ನು ನಂಬಬೇಡಿ. ಬರೆಯುತ್ತಿದ್ದದ್ದು ಉರ್ದುವಿನಲ್ಲಿ. ಏಳನೆಯವರೆಗೆ ಉರ್ದು ಶಾಲೆ, ಆಮೇಲೆ ಗ್ಯಾರೇಜು, ಅಷ್ಟೇ ಅವರ ಓದು. ಅವರು ಕನ್ನಡದಲ್ಲಿ ಓದಿ ಹೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿ ಕೆಳಗೆ ನನ್ನ ಸಹಿ ಹಾಕಿ ಕಳಿಸುತ್ತಿದ್ದೆ. ಆ ವರದಿಗಳನ್ನು ಮೆಚ್ಚಿ ಇಲಾಖೆಯ ಕಚೇರಿಯಿಂದ ಎರಡು ಸಲ ಪತ್ರ ಬಂತು. ಎರಡೂ ನನ್ನ ಹೆಸರಿಗೆ ಬಂದವು.

ದೊಡ್ಡ ಕಂಪನಿಯ ಅವಧಿ ಮುಗಿದು ಹೊಸ ಟೆಂಡರು ಕರೆದರು. ಐದು ವರ್ಷದ ಗುತ್ತಿಗೆ. ತಾಲೂಕಿನ ಎಲ್ಲ ಕೇಂದ್ರಗಳ ಜೊತೆಗೆ ಬೆಳಗಾವಿಯಲ್ಲಿ ಗಾಳಿಯ ಧೂಳು ಅಳೆಯುವ ಒಂದು ಯಂತ್ರವೂ ಸೇರಿತ್ತು. ಈ ಸಲ ನಮ್ಮದೇ ಹೆಸರಿನಲ್ಲಿ ಹಾಕೋಣ ಎಂದೆ. ಚಾಚಾನ ಮುಖ ಅರಳಿತು. ಷರತ್ತುಗಳನ್ನು ಒಂದೊಂದಾಗಿ ಓದಿ ಕನ್ನಡದಲ್ಲಿ ಹೇಳುತ್ತ ಹೋದೆ. ಹನ್ನೊಂದನೆಯದನ್ನು ಎರಡು ಸಲ ಓದಿದೆ. ಕೇಂದ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಆಗಿರಬೇಕು, ಅವರ ಹೆಸರು, ಪ್ರಮಾಣಪತ್ರ, ಫೋಟೊ ಮೊದಲ ಕವರಿನಲ್ಲಿರಬೇಕು ಎಂದು ಅದರಲ್ಲಿತ್ತು.

“ಅಂದ್ರ ನಾ ಇಲ್ಲ,” ಎಂದರು ಚಾಚಾ.

“ಕಾಗದದಾಗ ಅಷ್ಟ ಇಲ್ಲ ಚಾಚಾ. ಬೆಟ್ಟಕ್ಕ ಹೋಗಾವ್ರು ನೀವ.”

ಚಾಚಾ, “ಒಂದ ಸಲ ಕೇಳಿ ನೋಡ್ರಿ ಅವರ್ನ,” ಎಂದರು. “ಅನುಭವ ನಡೀತೈತೇನು ಅಂತ. ಇಷ್ಟ ವರ್ಷ ಮಾಡೇನಿ. ಒಮ್ಮಿ ನನ್ನ ಹೆಸರಿನ್ಯಾಗೂ ಆಗ್ಲಿ.”

ಇಷ್ಟು ವರ್ಷದಲ್ಲಿ ಚಾಚಾ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಟೆಂಡರು ಹಾಕುವ ಮೊದಲು ಸಂಶಯಗಳನ್ನು ಬರೆದು ಕಳಿಸಲು ಒಂದು ದಿನಾಂಕ ಕೊಟ್ಟಿರುತ್ತಾರೆ. ಪ್ರಶ್ನೆಯೂ ಉತ್ತರವೂ ಎಲ್ಲ ಪೈಪೋಟಿದಾರರಿಗೆ ಕಾಣಿಸುತ್ತವೆ. ನಾನು ಪ್ರಶ್ನೆ ಬರೆದಿಟ್ಟೆ. ಕಳಿಸಲಿಲ್ಲ. ಕಳಿಸಿದರೆ ನಮ್ಮಲ್ಲಿ ಓದಿದ ಮನುಷ್ಯರಿಲ್ಲವೆಂದು ಊರಿಗೆಲ್ಲ ಡಂಗುರ ಸಾರಿದಂತೆ ಎಂದುಕೊಂಡೆ. ಇದು ನಮ್ಮ ಉದ್ಯೋಗದವರಿಗೆಲ್ಲ ಅಂಟಿದ ರೋಗ. ಗೊತ್ತಿಲ್ಲದ್ದನ್ನು ಕೇಳುವುದಕ್ಕಿಂತ ಕೇಳದೆ ಸೋಲುವುದು ಮರ್ಯಾದೆ ಎಂದು ತಿಳಿದವರು ನಾವು. ಚಾಚಾ ಕೇಳಿದಾಗ ಮಾತ್ರ, ಕಳಿಸಿದ್ದೇನೆ, ಉತ್ತರ ಬರಬೇಕು ಎಂದೆ.

ನಾನು ಕೇಳದ ಪ್ರಶ್ನೆಯನ್ನು ಬೇರೆ ಯಾರೋ ಕೇಳಿದ್ದರು. ಕೊನೆಯ ದಿನಕ್ಕೆ ಒಂದು ವಾರ ಇದೆ ಎನ್ನುವಾಗ ತಿದ್ದುಪಡಿ ಹೊರಟಿತು. ಡಿಪ್ಲೊಮಾ ಇಲ್ಲದಿದ್ದರೂ ಇಂತಿಷ್ಟು ವರ್ಷ ಇದೇ ಕೆಲಸ ಮಾಡಿದ ಅನುಭವವಿದ್ದರೆ ನಡೆಯುತ್ತದೆ. ಆದರೆ ಡಿಪ್ಲೊಮಾಕ್ಕೆ ಹನ್ನೆರಡು ಅಂಕ, ಅನುಭವಕ್ಕೆ ಆರು.

ಅದನ್ನು ಓದುವಾಗ ನಾನು ಟಿಳಕವಾಡಿಯ ಮನೆಯಲ್ಲಿದ್ದೆ. ಎದುರಿಗೆ ನನ್ನ ಅಣ್ಣನ ಸೊಸೆ ಕೂತಿದ್ದಳು. ಅವಳದು ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಅದು ಬಿಟ್ಟು ಮನೆಯಲ್ಲಿದ್ದಳು. ಅವಳ ಕಾಗದಪತ್ರಗಳನ್ನು ನಾನು ಆಗಲೇ ಕವರಿಗೆ ಸೇರಿಸಿದ್ದೆ.

“ಅತ್ತೀ, ಈಗ ಚಾಚಾನ ಹೆಸರs ಹಾಕಬಹುದಲ್ಲ?” ಎಂದಳು. “ನಾ ಕೆಲಸಕ್ಕ ಬರ್ತೀನಿ, ಹೆಸರ ಅವರದs ಇರ್ಲಿ.”

“ಆರು ಅಂಕ ಹೋಗತಾವ.”

“ಬರೇ ಆರ ಅಲ್ಲೇನು?”

“ಬರೇ ಆರ ಅಂತೀ. ಆರು ಅಂಕಕ್ಕ ಎಷ್ಟ ಮಕ್ಕಳು ನಪಾಸ ಆಗಿದ್ದು ನಾ ನೋಡೇನಿ.”

ಅವಳು ಮುಂದೆ ಮಾತಾಡಲಿಲ್ಲ. ನಾನು ಗದರಿದರೆ ನಮ್ಮ ಮನೆಯಲ್ಲಿ ಯಾರೂ ಮುಂದೆ ಮಾತಾಡುವುದಿಲ್ಲ, ಅದೇ ನನ್ನ ದುರ್ದೈವ. ಒಬ್ಬರಾದರೂ ಎದುರುತ್ತರ ಕೊಟ್ಟಿದ್ದರೆ ಕೈ ತಡೆಯುತ್ತಿತ್ತೋ ಏನೋ. ದೊಡ್ಡ ಕಂಪನಿಗೆ ಎಷ್ಟು ಅಂಕ ಬಂದೀತು, ನಮಗೆ ಎಷ್ಟು ಎಂದು ಲೆಕ್ಕ ಹಾಕಿದೆ. ಹಾಕಿದಾಗೊಮ್ಮೆ ಒಂದೊಂದು ಉತ್ತರ. ಕೊನೆಗೆ ಭಯವೇ ಗೆದ್ದಿತು. ಅವಳ ಹೆಸರನ್ನೇ ಇಟ್ಟು, ನನ್ನ ಡಿಜಿಟಲ್ ಸಹಿ ಹಾಕಿ ಕಳಿಸಿದೆ.

ಮರುದಿನ ಶೆಡ್ಡಿನಲ್ಲಿ ಚಾಚಾ ಕೇಳಿದರು. “ನಾವು ಕೇಳಿದ್ದಕ್ಕ ಏನಂದ್ರು ಅವರು?”

“ಒಪ್ಪಲಿಲ್ಲ ಚಾಚಾ,” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ನಾಲಿಗೆ ತಡವರಿಸಲಿಲ್ಲ, ಮುಖ ಕೆಂಪಾಗಲಿಲ್ಲ. “ಇರ್ಲಿ ಬಿಡ್ರಿ, ನೇಮ ಅಂದ್ರ ನೇಮ,” ಎಂದು ಅವರು ತಮ್ಮ ಕೆಲಸಕ್ಕೆ ಕೂತರು.

ಟೆಂಡರು ನಮಗೇ ಬಂತು. ಸುದ್ದಿ ತಿಳಿದ ದಿನ ಚಾಚಾ ಪೇಡೆಯ ಪೊಟ್ಟಣ ತಂದು ಸುತ್ತಲಿನ ಗ್ಯಾರೇಜುಗಳಿಗೆಲ್ಲ ಹಂಚಿದರು. “ನಮ್ಮ ಹೆಸರಿನ ಮ್ಯಾಲೆ ಬಂತ್ರಿ ಈ ಸಲ,” ಎಂದು ಒಬ್ಬೊಬ್ಬರಿಗೂ ಹೇಳಿದರು. ಅದೇ ಮಧ್ಯಾಹ್ನ ಅಂಕಗಳ ಪಟ್ಟಿಯನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದ್ದರು. ನಾನು ಪೇಡೆ ಕೈಯಲ್ಲಿ ಹಿಡಿದೇ ಅದನ್ನು ತೆರೆದೆ. ದೊಡ್ಡ ಕಂಪನಿ ಬೆಟ್ಟದ ಕೇಂದ್ರಗಳ ಕೆಲಸವನ್ನು ತಾನು ಮಾಡಿದ್ದಕ್ಕೆ ಪುರಾವೆ ಕೊಡಲಾಗದೆ ಅಲ್ಲಿ ಅಂಕ ಕಳೆದುಕೊಂಡಿತ್ತು. ಪುರಾವೆಯೆಲ್ಲ ನಮ್ಮಲ್ಲಿತ್ತು, ಚಾಚಾ ಹೇಳಿ ನಾನು ಟೈಪು ಮಾಡಿದ ಆ ವರದಿಗಳು. ನಾವು ಗೆದ್ದದ್ದು ಹತ್ತೊಂಬತ್ತು ಅಂಕದ ಅಂತರದಿಂದ.

ಹತ್ತೊಂಬತ್ತರಲ್ಲಿ ಆರು ಕಳೆದರೆ ಹದಿಮೂರು. ಒಂದನೇ ತರಗತಿಯ ಲೆಕ್ಕ. ನಾನು ಅದನ್ನು ಮೊಬೈಲಿನಲ್ಲಿ ಎರಡು ಸಲ ಮಾಡಿ ನೋಡಿದೆ. ಅವರ ಹೆಸರು ಹಾಕಿದ್ದರೂ ಗೆಲ್ಲುತ್ತಿದ್ದೆವು, ಆರಾಮವಾಗಿ ಗೆಲ್ಲುತ್ತಿದ್ದೆವು. ಚಾಚಾ ಬಾಗಿಲಲ್ಲಿ ನಿಂತು, “ತಿನ್ರಿ ಅಕ್ಕೋರ, ಕೈಯಾಗ ಹಿಡಕೊಂಡ ಏನ ನೋಡತೀರಿ,” ಎಂದರು. ತಿಂದೆ.

ಆಗಲೂ ಕಾಗದ ಬೇರೆ, ಕೆಲಸ ಬೇರೆ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಹೊಸ ಗುತ್ತಿಗೆಯಲ್ಲಿ ಮೊಬೈಲಿನ ಒಂದು ಆ್ಯಪ್ ಇತ್ತು. ಪ್ರತಿ ಭೇಟಿಯಲ್ಲೂ ಹೆಸರು ಕೊಟ್ಟ ಎಂಜಿನಿಯರೇ ಕೇಂದ್ರದ ಮುಂದೆ ನಿಂತು ತನ್ನ ಮುಖದ ಫೋಟೊ ತೆಗೆದು ಕಳಿಸಬೇಕು. ಮುಖ ಹೊಂದದಿದ್ದರೆ ಭೇಟಿಯೇ ನಡೆದಿಲ್ಲ ಎಂದು ಲೆಕ್ಕ. ಹಾಗಾಗಿ ಮೊದಲ ಕೆಲವು ತಿಂಗಳು ಅಣ್ಣನ ಸೊಸೆ ಮತ್ತು ಚಾಚಾ ಜೊತೆಯಾಗಿ ಹೋದರು. ಚಾಚಾ ಕೆಲಸ ಮಾಡಿ ಮುಗಿಸಿ ಬೇಲಿಯಿಂದ ಆಚೆ ಸರಿದು ನಿಲ್ಲುತ್ತಿದ್ದರು, ಇವಳು ಫೋಟೊ ತೆಗೆದುಕೊಳ್ಳುತ್ತಿದ್ದಳು. ಒಂದು ದಿನ ಫೋಟೊದ ಮೂಲೆಯಲ್ಲಿ ಅವರ ಮೊಣಕೈ ಬಂದಿದ್ದಕ್ಕೆ ಚಾಚಾ ತಾವೇ, “ಇನ್ನೊಂದ ತಗೀ ಬೇಟಾ, ನಾ ಬಂದೇನಿ ಅದರಾಗ,” ಎಂದರಂತೆ.

“ನನಗ ನಾಚಿಕಿ ಬರ್ತದ ಅತ್ತೀ,” ಎಂದು ಅವಳು ಮನೆಗೆ ಬಂದು ಅತ್ತಳು. ನಾನು ಅವಳನ್ನೂ ಗದರಿದೆ.

ಆ ಮಳೆಗಾಲದಲ್ಲಿ ಜಾಂಬೋಟಿಯ ಆಚೆಯ ಆ ಶಾಲೆಯ ಕೇಂದ್ರ ಎರಡು ದಿನ ಮಾತು ನಿಲ್ಲಿಸಿತು. ಮಾಹಿತಿ ಬಾರದ ದಿನಗಳು ಹೆಚ್ಚಾದರೆ ಗುತ್ತಿಗೆಗೇ ಕುತ್ತು. ಮೂವರೂ ಹೊರಟೆವು. ಗದ್ದೆಗಳಲ್ಲಿ ನಾಟಿ ನಡೆದಿತ್ತು, ರಸ್ತೆಯ ಮೇಲೆಲ್ಲ ಕೆಂಪು ನೀರು. ನಾನು ಕೊಡೆ ಹಿಡಿದೆ. ಚಾಚಾ ಪೆಟ್ಟಿಗೆಯ ಸೀಲು ಬಿಚ್ಚಿ, ಎರಡೂ ಕೈ ಒಳಗೆ ಹಾಕಿ, ಒದ್ದೆಯಾದ ತಂತಿಯನ್ನು ಹುಡುಕುತ್ತಿದ್ದರು. ಆ ಹೊತ್ತಿಗೆ ಇಲಾಖೆಯ ಜೀಪು ಬಂದು ನಿಂತಿತು. ಅಧಿಕಾರಿ ಇಳಿದರು. ಕೆಟ್ಟ ಮನುಷ್ಯರಲ್ಲ. ಅಂಥ ಮಳೆಯಲ್ಲೂ ಕೇಂದ್ರ ನೋಡಲು ಬಂದವರು.

“ಇವರು ಯಾರ್ರಿ ಮೇಡಮ್?” ಎಂದು ಕೇಳಿದರು.

ಇವರೇ ಈ ಕೇಂದ್ರವನ್ನು ಇಷ್ಟು ವರ್ಷ ಉಳಿಸಿದವರು ಎನ್ನಬಹುದಿತ್ತು. ನೀವು ಮೆಚ್ಚಿ ಪತ್ರ ಬರೆದ ವರದಿಗಳು ಇವರವು ಎನ್ನಬಹುದಿತ್ತು. ಅಷ್ಟು ಹೇಳಿದರೆ, ಹಾಗಾದರೆ ಇವರ ಹೆಸರು ಯಾಕೆ ಕೊಡಲಿಲ್ಲ, ನಾವು ಅವಕಾಶ ಕೊಟ್ಟಿದ್ದೆವಲ್ಲ ಎಂದು ಅವರು ಕೇಳುತ್ತಿದ್ದರು. ಅದೂ ಚಾಚಾನ ಎದುರಿಗೇ.

“ನಮ್ಮ ಹೆಲ್ಪರ್ ರೀ,” ಎಂದೆ.

“ಹೆಲ್ಪರ್ ಕಡಿಂದ ಸೀಲ್ ತಗಿಸೂ ಹಂಗಿಲ್ರಿ,” ಎಂದರು ಅಧಿಕಾರಿ. ಮೆಲ್ಲಗೇ ಹೇಳಿದರು. “ಈ ಸಲ ನೋಡಿಲ್ಲ ಅಂತ ಇಟ್ಟಕೊಳ್ಳತೀನಿ. ಮುಂದ ಎಂಜಿನಿಯರೇ ತಗೀಬೇಕು.”

ಚಾಚಾ ಕೈ ಹೊರಗೆ ತೆಗೆದರು. ಮುಚ್ಚಳ ಹಾಕಲಿಲ್ಲ, ತಂತಿ ಇನ್ನೂ ಸಿಕ್ಕಿರಲಿಲ್ಲ. ಸ್ಕ್ರೂ ಡ್ರೈವರನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಒರೆಸಿ ಅಣ್ಣನ ಸೊಸೆಗೆ ಕೊಟ್ಟು, “ಎಡಗಡೆ ಕೆಳಗ ನೋಡು ಬೇಟಾ,” ಎಂದು ಹೇಳಿ ಹೋಗಿ ಜೀಪಿನಲ್ಲಿ ಕೂತರು. ತಂತಿ ಅಲ್ಲೇ ಇತ್ತು. ಬರುವಾಗ ದಾರಿಯುದ್ದಕ್ಕೂ ಅವರು ಡ್ರೈವರನ ಜೊತೆ ನಾಟಿಯ ಬಗ್ಗೆ ಮಾತಾಡಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಮುಂದಿನ ವಾರದಿಂದ ಅವರು ಬೆಟ್ಟಕ್ಕೆ ಬರಲಿಲ್ಲ. ಮೊಣಕಾಲು ನೋವು ಎಂದರು. ಶೆಡ್ಡಿಗೆ ಬಂದು ಧೂಳಿನ ಯಂತ್ರದ ಪಂಪು ಮೊದಲಾದ ಸಣ್ಣಪುಟ್ಟದ್ದನ್ನು ನೋಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅದೂ ನಿಂತಿತು. ನಾನು ಎಂಜಿನಿಯರಿನ ಹೆಸರು ಬದಲಿಸಿಕೊಡಿ ಎಂದು ಇಲಾಖೆಗೆ ಬರೆದೆ. ಉತ್ತರ ಚಿಕ್ಕದಾಗಿತ್ತು: ಬದಲಿಸಬಹುದು, ಆದರೆ ಹೊಸಬರು ಅಷ್ಟೇ ಅಂಕಕ್ಕೆ ಅರ್ಹರಾಗಿರಬೇಕು. ಅಂಕಕ್ಕಾಗಿ ಅವರನ್ನು ಬಿಟ್ಟವಳಿಗೆ ಅದೇ ಅಂಕವನ್ನು ತೋರಿಸಿ ಬಾಗಿಲು ಹಾಕಿದ್ದರು. ಗುತ್ತಿಗೆ ಮುಗಿಯಲು ನಾಲ್ಕು ವರ್ಷಕ್ಕಿಂತ ಹೆಚ್ಚು ಉಳಿದಿತ್ತು. ಚಾಚಾನಿಗೆ ಅರವತ್ತಮೂರು. ಅವರ ಹೆಸರು ಇನ್ನು ಯಾವ ಕವರಿಗೂ ಬರುವುದಿಲ್ಲ ಎಂಬುದು ಅವತ್ತು ನನಗೆ ಖಾತ್ರಿಯಾಯಿತು.

ಒಂದು ಭಾನುವಾರ ಮುಂಜಾನೆ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ನೆರೆಯವರ ಮಿಕ್ಸರ್ ಬಿಚ್ಚಿಕೊಂಡು ಕೂತಿದ್ದರು. “ಬರ್ರಿ ಅಕ್ಕೋರ, ಕುಂದರ್ರಿ,” ಎಂದು ಕುರ್ಚಿಯ ಮೇಲಿನ ಸಾಮಾನು ಎತ್ತಿದರು. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಚಾಚಾ ಕೇಂದ್ರಗಳ ಸುದ್ದಿ ಕೇಳಿದರು. ಅಣ್ಣನ ಸೊಸೆ ಚೆನ್ನಾಗಿ ಕಲಿತಿದ್ದಾಳೆ ಎಂದೆ. “ಹುಡುಗಿ ಕೈ ಚೊಲೋ ಐತಿ,” ಎಂದರು. ಆಮೇಲೆ, ನನ್ನ ಮುಖ ನೋಡಿ ಏನನ್ನಿಸಿತೋ, “ನೀವ್ಯಾಕ ಹಿಂಗ ಸೊರಗೀರಿ? ನೇಮ ಇದ್ದಮ್ಯಾಲೆ ನೀವರ ಏನ ಮಾಡತಿದ್ರಿ?” ಎಂದರು.

ಇನ್ನು ತಡೆಯಲಾಗಲಿಲ್ಲ.

“ಚಾಚಾ, ನಾ ಸುಳ್ಳ ಹೇಳೇನಿ. ನಾ ಅವರ್ನ ಕೇಳs ಇಲ್ಲ. ಬ್ಯಾರೆ ಯಾರೋ ಕೇಳಿದ್ರು, ಅವರು ಒಪ್ಪಿದ್ರು. ನಿಮ್ಮ ಹೆಸರ ಹಾಕಬಹುದಿತ್ತು. ಹಾಕಿದ್ರ ಅಂಕ ಕಡಿಮಿ ಬರತಿದ್ದು. ಅದಕ್ಕ ಬಿಟ್ಟೆ.”

ಅವರು ಮಿಕ್ಸರಿನ ಸ್ಕ್ರೂವನ್ನು ಪೂರ್ತಿ ತಿರುಗಿಸಿ ಮುಗಿಸಿದರು.

“ಎಷ್ಟ ಅಂಕ?”

“ಆರು.”

“ಗೆದ್ದದ್ದು ಎಷ್ಟರ್ಲೆ?”

“ಹತ್ತೊಂಬತ್ತ.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಕೇಳಿಸಿಕೊಳ್ಳಲು ತಯಾರಾಗಿಯೇ ಬಂದಿದ್ದೆ. ನಕ್ಕು ಬಿಟ್ಟುಬಿಡಬಹುದು ಎಂಬ ಆಸೆಯೂ ಒಳಗೆಲ್ಲೋ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. ಚಾಚಾ ಎರಡನ್ನೂ ಮಾಡಲಿಲ್ಲ. ಕೈ ಒರೆಸಿಕೊಂಡು ನನ್ನನ್ನು ನೋಡಿದರು.

“ಅವತ್ತ ನನಗ ಒಂದ ಮಾತ ಕೇಳಿದ್ರ ನಾನs ಅಂತಿದ್ದೆ ಅಕ್ಕೋರ,” ಎಂದರು. “ಬ್ಯಾಡ್ರಿ, ನನ್ನ ಹೆಸರ ಬಿಡ್ರಿ, ಟೆಂಡರ್ ನಮಗ ಬರ್ಲಿ ಅಂತ. ಆರ ಅಲ್ಲ, ಒಂದ ಅಂಕದ ಸಲುವಾಗಿ ಇದ್ರೂ ಅಂತಿದ್ದೆ.”

ನಾನು ಬಿಚ್ಚಿಟ್ಟ ಮಿಕ್ಸರಿನ ಕಡೆ ನೋಡಿದೆ.

“ನೀವು ಕೇಳ್ಲಿಲ್ಲ,” ಎಂದರು. ಆಮೇಲೆ ಲೋಟವನ್ನು ನನ್ನ ಕಡೆ ಸರಿಸಿ, “ಚಾ ತಗೋರಿ, ಆರತೈತಿ,” ಎಂದರು.

ಚಹಾ ಕುಡಿದೆ. ಮನ್ನಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.